ಎಫ್-150: ಕ್ಯಾಬ್ ದೊಡ್ಡದಿರಲೋ, ಬೆಡ್ ಉದ್ದವಿರಲೋ?

ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್ ಟ್ರಕ್ ಕೊಳ್ಳುವವರು ಬಣ್ಣ ನೋಡುವ ಮೊದಲು ಗ್ಯಾರೇಜಿಗೆ ಟೇಪು ಹಿಡಿಯಬೇಕು. ನಾಲ್ಕು ಬಾಗಿಲಿನ ಸೂಪರ್‌ಕ್ರೂ ಕ್ಯಾಬಿಗೆ (ಜನ ಕೂರುವ ಭಾಗ) 5.5 ಅಡಿ ಬೆಡ್ (ಹಿಂದಿನ ಸರಕಿನ ತೊಟ್ಟಿ) ಇದ್ದರೆ ಗಾಡಿಯ ಉದ್ದ ಸುಮಾರು 19.3 ಅಡಿ, 6.5 ಅಡಿ ಬೆಡ್ ಆದರೆ 20.3. ಇಪ್ಪತ್ತಡಿ ಗ್ಯಾರೇಜಿನ ಬಾಗಿಲು ಆಮೇಲೆ ಮುಚ್ಚುವುದೇ ಇಲ್ಲ.

4×8 ಅಡಿ ಪ್ಲೈವುಡ್ ಚಕ್ರದ ಉಬ್ಬುಗಳ ನಡುವೆ ಚಪ್ಪಟೆಯಾಗಿ ಕೂರುತ್ತದೆ, ಅಗಲದ ಚಿಂತೆಯಿಲ್ಲ. ಉದ್ದಕ್ಕೆ, 6.5 ಅಡಿ ಬೆಡ್ಡಿನ ಟೇಲ್‌ಗೇಟ್ (ಹಿಂಬದಿಯ ಹಲಗೆ) ಇಳಿಸಿದರೆ ಹಾಳೆ ಪೂರ್ತಿ ಆಸರೆ ಪಡೆಯುತ್ತದೆ. 5.5ರಲ್ಲಿ ತುದಿ ಹೊರಚಾಚುತ್ತದೆ, ಬಿಗಿದು ಕಟ್ಟಲೇಬೇಕು. ದಿನಾ ಮರಗೆಲಸವಿದ್ದರೆ ಒಂದೇ ಸಾಲು ಸೀಟಿನ ರೆಗ್ಯುಲರ್ ಕ್ಯಾಬ್, 8 ಅಡಿ ಬೆಡ್. ಬೇರೆ ಯೋಚನೆ ಬೇಡ. ಇವೆರಡರ ನಡುವಿನ ಗಾತ್ರದ ಸೂಪರ್‌ಕ್ಯಾಬಿನ ಹಿಂಬಾಗಿಲು ಮುಂದಿನದನ್ನು ತೆಗೆಯದೆ ತೆರೆಯದು. ಮಕ್ಕಳ ಸೀಟು ಕಟ್ಟುವವರಿಗೆ ಅದು ದಿನನಿತ್ಯದ ಕಿರಿಕಿರಿ.

ದೊಡ್ಡ ಕ್ಯಾಬಿನ ತೂಕ ಪೇಲೋಡನ್ನು (ಗಾಡಿ ಹೊರಬಲ್ಲ ಭಾರ) ತಿನ್ನುತ್ತದೆ. ಜಾಹೀರಾತು ನಂಬಬೇಡಿ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್ ಓದಿ. 7,000 ಪೌಂಡ್ ಟ್ರೇಲರ್ ಕೊಂಡಿಯ ಮೇಲೆ 700ರಿಂದ 1,050 ಪೌಂಡ್ ಹೇರುತ್ತದೆ, ಅದೂ ಪೇಲೋಡಿನ ಲೆಕ್ಕಕ್ಕೇ; ಜನರ ತೂಕ ಬೇರೆ.

ಗೇರ್‌ಬಾಕ್ಸಿನಲ್ಲಿ ಆಯ್ಕೆಯಿಲ್ಲ, 10 ಗೇರಿನ ಆಟೋಮ್ಯಾಟಿಕ್ ಒಂದೇ. ಟ್ರೇಲರ್ ಎಳೆಯುವಾಗ ಟೋ/ಹಾಲ್ (ಭಾರ ಎಳೆಯುವ ಮೋಡ್) ಒತ್ತಿ. ಇಲ್ಲದಿದ್ದರೆ ಏರಿನಲ್ಲಿ ಗೇರು ಪದೇಪದೇ ಬದಲಾಗಿ ಎಣ್ಣೆ ಕಾಯುತ್ತದೆ. ಕ್ಲಚ್ಚೇ ಬೇಕೆನ್ನುವ ಹಟಮಾರಿಗಳಿಗೆ ಟೊಯೊಟಾ ಟಕೋಮಾ ಪಿಕಪ್ಪಿನ 6 ಗೇರಿನ ಮ್ಯಾನುಯಲ್ ಇದೆ.