ಸೌದೆ ರಾಶಿಯಲ್ಲಿ ಸಿಕ್ಕ ಪೊರೆ

ಇಂದು ಬೆಳಿಗ್ಗೆ ಬಚ್ಚಲೊಲೆಗೆ ಸೌದೆ ಎಳೆಯುವಾಗ ಕೈಗೆ ಸಿಕ್ಕಿದ್ದು ಕೇರೆಹಾವಿನ ಪೊರೆ. ಮಾರುದ್ದಕ್ಕೂ ಹೆಚ್ಚಿದ್ದ ಅದರ ತಲೆಯ ಭಾಗವನ್ನು ಬೆಳಕಿಗೆ ಹಿಡಿದಾಗ, ಕಣ್ಣಿನ ಜಾಗದಲ್ಲಿ ಗಾಜಿನ ಹರಳಿನಂತಹ ಎರಡು ದುಂಡನೆಯ ಹುರುಪೆಗಳು ಕಂಡವು. ಹಾವಿಗೆ ರೆಪ್ಪೆಯಿಲ್ಲ, ಕಣ್ಣು ಕಾಯುವ ಈ ಪಾರದರ್ಶಕ ಹುರುಪೆಯೂ ಪೊರೆಯೊಡನೆಯೇ ಕಳಚಿಬರುತ್ತದೆ.

ಸುದ್ದಿ ತಿಳಿದು ಪಕ್ಕದ ಮನೆಯ ಅಣ್ಣ ದೊಣ್ಣೆ ಹಿಡಿದೇ ಬಂದರು. ಕೇರೆಯು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂಬುದು ಅವರ ದೂರು. ವಿಷವಿಲ್ಲದ ಈ ಹಾವಿಗೆ ಬೇಕಿರುವುದು ನಮ್ಮ ಅಟ್ಟದ ಇಲಿಯೇ ಹೊರತು ಹಾಲಲ್ಲ ಎಂದರೂ ಅವರು ಒಪ್ಪಲಿಲ್ಲ. ನಾಗರಪಂಚಮಿಯಂದು ಬನದ ಕಲ್ಲಿಗೆ ಹಾಲೆರೆಯಲು ಮೊದಲು ನಿಲ್ಲುವವರೂ ಅವರೇ (ಹಿಂದೆ ನಾನೂ ಇರುತ್ತೇನೆ, ಬಿಡಿ).

ಆದರೆ ಕಾಳಿಂಗ ಕಂಡರೆ ಅವರು ಕೋಲು ಮುಟ್ಟುವುದಿಲ್ಲ, ಕೈ ಮುಗಿಯುತ್ತಾರೆ. 2005ರಲ್ಲಿ ಹಾವು ತಜ್ಞ ರಾಮುಲಸ್ ವಿಟೇಕರ್ ಆಗುಂಬೆಯಲ್ಲಿ ಆರಂಭಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಕಾಡಿನಲ್ಲಿ ಹಿಂಬಾಲಿಸಿದ್ದು ಇದೇ ಕಾಳಿಂಗವನ್ನು. ಅದರ ಮುಖ್ಯ ಆಹಾರ ಬೇರೆ ಹಾವುಗಳು, ಅವುಗಳಲ್ಲಿ ಕೇರೆಯೂ ಒಂದು ಎಂದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ದೊಣ್ಣೆಯನ್ನು ಗೋಡೆಗೆ ಒರಗಿಸಿ ಕಾಫಿ ಕೇಳಿದರು. ಪೊರೆಯನ್ನು ಮಾತ್ರ ಮುಟ್ಟಲಿಲ್ಲ.