ಕಾನೂನು ಬದಲಾದರೆ ಚರ್ಚೂ ಬದಲಾಗಬೇಕಾ?

"ಕಾಲ ಬದಲಾಯಿತು, ಕಾನೂನೂ ಬದಲಾಯಿತು. ನಿಮ್ಮ ಚರ್ಚ್ ಮಾತ್ರ ಯಾಕೆ ಹಾಗೇ ಇದೆ?" ನಾನು ಮಂಗಳೂರಿನ ಕೆಥೋಲಿಕಳು ಎಂದು ಗೊತ್ತಾದವರು ಬೇಗ ಈ ಪ್ರಶ್ನೆಗೆ ಬರುತ್ತಾರೆ. ನಮ್ಮವರು ಇದನ್ನೇ ತಿರುಗಿಸಿ ಕೇಳುತ್ತಾರೆ: "ಸರ್ಕಾರ ಏನೋ ಕಾನೂನು ಮಾಡಿತು ಅಂತ ಚರ್ಚ್ ಯಾಕೆ ಬಗ್ಗಬೇಕು?"

ಇಬ್ಬರಿಗೂ ನನ್ನ ಉತ್ತರ ಒಂದೇ. ಮದುವೆ, ಪರಮ ಪ್ರಸಾದದಂಥ ಸಂಸ್ಕಾರಗಳು ಯಾರಿಗೆ, ಹೇಗೆ ಎಂಬುದನ್ನು ಚರ್ಚೇ ತೀರ್ಮಾನಿಸಲಿ. ಆದರೆ ನೊಂದವರಿಗೆ ಕಾನೂನು ನ್ಯಾಯ ಕೊಟ್ಟಾಗ ಅವರ ಪಕ್ಕ ಮೊದಲು ನಿಲ್ಲಬೇಕಾದ್ದು ಚರ್ಚ್.

ಮದುವೆ ವಿಷಯವನ್ನೇ ನೋಡಿ. ಭಾರತದ ಕ್ರೈಸ್ತರಿಗೆ ಇದ್ದದ್ದು 1869ರ ವಿಚ್ಛೇದನ ಕಾಯ್ದೆ. ಹೆಂಡತಿಗೆ ಬೇರೊಬ್ಬನ ಜೊತೆ ಸಂಬಂಧ ಇದೆ ಎಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ಸಂಬಂಧದ ಜೊತೆಗೆ ಅವನ ಕ್ರೌರ್ಯವನ್ನೋ, ಅವನು ತನ್ನನ್ನು ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಬರೀ ಹೊಡೆತ ತಿನ್ನುತ್ತಿದ್ದವಳಿಗೆ ಈ ಕಾಯ್ದೆಯಲ್ಲಿ ವಿಚ್ಛೇದನದ ದಾರಿಯೇ ಇರಲಿಲ್ಲ. ಇಡೀ ದೇಶಕ್ಕೆ ಇದು ಬದಲಾದದ್ದು 2001ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶವೂ ಆಗಲೇ ಬಂತು. ಅದಕ್ಕಾಗಿ ಕ್ರೈಸ್ತ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಓಡಾಡಿದವು, ಹಲವು ಚರ್ಚುಗಳೂ ಕೈಜೋಡಿಸಿದವು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಕೆಥೋಲಿಕ್ ಚರ್ಚ್ ವಿಚ್ಛೇದನವನ್ನು ಒಪ್ಪುವುದಿಲ್ಲ. ಆ ಮದುವೆ ಶುರುವಿನಿಂದಲೇ ಸಿಂಧುವಾಗಿರಲಿಲ್ಲ ಎಂದು ಚರ್ಚಿನ ನ್ಯಾಯಮಂಡಳಿ ಹೇಳಿದರೆ ಮತ್ತೆ ಮದುವೆಯಾಗಬಹುದು. ಈ ತೀರ್ಮಾನಕ್ಕೆ ಸರ್ಕಾರವೂ ಮಾನ್ಯತೆ ಕೊಡಲಿ ಎಂದು ಕರಾವಳಿಯ ಕೆಥೋಲಿಕ್ ಮುಖಂಡರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟ್ ಅರ್ಜಿ ವಜಾ ಮಾಡಿತು. ಬೇಸರಪಟ್ಟವರಿದ್ದಾರೆ. ಚರ್ಚಿನ ಕಾಗದ ನಂಬಿ ಮತ್ತೆ ಮದುವೆಯಾದವರ ಮೇಲೆ ಎರಡನೇ ಮದುವೆಯ ಕೇಸು ಬೀಳಬಹುದು, ಅವರ ಆತಂಕ ನಿಜವೇ. ಆದರೂ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಜೀವನಾಂಶ, ಮಕ್ಕಳು, ಆಸ್ತಿ ಇವೆಲ್ಲ ದೇಶದ ಕೋರ್ಟಿನಲ್ಲೇ ತೀರ್ಮಾನವಾಗಲಿ.

ಹಾಗಾದರೆ ಚರ್ಚಿಗೆ ಏನು ಉಳಿಯಿತು? ತುಂಬಾ ಇದೆ. ನ್ಯಾಯಮಂಡಳಿಯ ತೀರ್ಮಾನಕ್ಕೆ ಇನ್ನೊಂದು ಮಂಡಳಿಯೂ ಒಪ್ಪಿಗೆ ಕೊಡಬೇಕೆಂಬ ಕಡ್ಡಾಯ ಮೊದಲು ಇತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ತೆಗೆದರು. ಬೋಧನೆ ಒಂದಿಷ್ಟೂ ಸಡಿಲವಾಗಲಿಲ್ಲ, ಜನರ ಅಲೆದಾಟ ಕಡಿಮೆಯಾಯಿತು. ನನಗೆ ಬೇಕಾದ ಬದಲಾವಣೆ ಈ ರೀತಿಯದು.

ಇನ್ನೂ ಹತ್ತಿರದ್ದು ಹೇಳುತ್ತೇನೆ. ಭಾನುವಾರದ ಪೂಜೆಯಲ್ಲಿ ಪರಮ ಪ್ರಸಾದಕ್ಕೆ, ಅಂದರೆ ಗುರುಗಳು ಕೊಡುವ ಪವಿತ್ರ ರೊಟ್ಟಿಗೆ, ಬೆಂಚಿನ ಸಾಲು ಸಾಲೇ ಎದ್ದು ಹೋಗುತ್ತದೆ. ಆಗ ಒಬ್ಬಳು ಕಾಲು ಒತ್ತಿಕೊಂಡು ಪಕ್ಕದವರಿಗೆ ದಾರಿ ಬಿಟ್ಟು ಅಲ್ಲೇ ಕೂತಿರುತ್ತಾಳೆ. ಕೋರ್ಟಿನಲ್ಲಿ ವಿಚ್ಛೇದನ ಆಗಿದೆ, ಬೇರೆ ಮದುವೆ ಆಗಿಲ್ಲ. ತನಗೆ ಪ್ರಸಾದ ಇಲ್ಲ ಎಂದು ಅವಳೇ ನಂಬಿದ್ದಾಳೆ. ಚರ್ಚಿನ ನಿಯಮ ಹಾಗೆ ಹೇಳುವುದೇ ಇಲ್ಲ! ವಿಚ್ಛೇದನ ಆಯಿತು ಎಂಬ ಒಂದೇ ಕಾರಣಕ್ಕೆ ಯಾರಿಗೂ ಪ್ರಸಾದ ತಪ್ಪುವುದಿಲ್ಲ. ಇದನ್ನು ಪ್ರವಚನದಲ್ಲಿ ಒಂದು ಸಲ ಬಿಡಿಸಿ ಹೇಳಿದರೆ ಸಾಕು. ಹೇಳದೆ ಇರುವುದರಿಂದ ಸುಮ್ನೆ ಎಷ್ಟು ಜನ ದೂರ ಕೂತಿದ್ದಾರೋ.

ಆಸ್ತಿಯದ್ದೂ ಇದೇ ಕಥೆ. ಕೇರಳದ ತಿರುವಾಂಕೂರಿನಲ್ಲಿ ಕ್ರೈಸ್ತ ಹೆಣ್ಣುಮಗಳಿಗೆ ಸಿಗುತ್ತಿದ್ದದ್ದು ಗಂಡುಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಅಲ್ಲಿನ ಕ್ರೈಸ್ತ ಮಹಿಳೆ ಮೇರಿ ರಾಯ್ ಸಮಪಾಲಿಗಾಗಿ ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಚರ್ಚ್ ವಲಯದಿಂದಲೇ ಅದಕ್ಕೆ ವಿರೋಧ ಬಂತು. ಆಗ ಯಾವ ಬೋಧನೆಗೆ ಧಕ್ಕೆಯಾಗುತ್ತಿತ್ತು ಹೇಳಿ? ಹೆಣ್ಣಿಗೆ ಪಾಲು ಕೊಡಬೇಡಿ ಎಂದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ನಮ್ಮ ಕಡೆ 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ, ವಿಲ್ ಇಲ್ಲದಿದ್ದರೆ, ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಆದರೂ "ಮದುವೆಗೆ ಖರ್ಚು ಮಾಡಿದ್ದೇವಲ್ಲ, ಪಾಲು ಬೇಡ ಅಂತ ಒಂದು ಸಹಿ ಹಾಕು ಬಾ" ಎಂದು ಅಣ್ಣಂದಿರು ಕರೆಯುವುದು ನಿಂತಿಲ್ಲ. ಆ ಮನೆಗೆ ಚರ್ಚಿನ ಗುರುಗಳು ಹೋದರೆ ಮಾತಿಗೆ ತೂಕ ಬರುತ್ತದೆ, ಅಲ್ವಾ?

"ಹೀಗೆ ಒಂದೊಂದಕ್ಕೂ ಹೂಂ ಅಂದರೆ ನಾಳೆ ಎಲ್ಲದಕ್ಕೂ ಹೂಂ ಅನ್ನಬೇಕಾಗುತ್ತದೆ" ಎನ್ನುತ್ತಾರೆ ನಮ್ಮ ಹಿರಿಯರು. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚರ್ಚ್ ಇಲ್ಲ ಎನ್ನಲೇಬೇಕಾದ ಕಾನೂನೂ ಬರಬಹುದು. ಆಗ ಹೇಳುವ ಇಲ್ಲಕ್ಕೆ ಬೆಲೆ ಬರಬೇಕಾದರೆ ಇವತ್ತು ಹೆಣ್ಣುಮಕ್ಕಳ ಜೊತೆ ನಿಂತಿರಬೇಕು.

ಚರ್ಚಿನ ಮದುವೆ ತಯಾರಿ ಶಿಬಿರದಲ್ಲಿ ಕುಟುಂಬ ಯೋಜನೆ, ಪ್ರಾರ್ಥನೆ, ಮನೆ ಖರ್ಚು ಎಲ್ಲದರ ಪಾಠ ಇದೆ. ಅದರ ಜೊತೆ ವಕೀಲರೊಬ್ಬರನ್ನು ಕರೆಸಿ ಒಂದು ಗಂಟೆ ಕೊಡಿ ಎಂದು ನಮ್ಮ ಚರ್ಚಿನ ಪಾಲನಾ ಮಂಡಳಿಯನ್ನು ಕೇಳಿದ್ದೇನೆ. ಹೊಡೆತ ಬಿದ್ದರೆ ಎಲ್ಲಿ ದೂರು ಕೊಡಬೇಕು, ತವರಿನ ಪಾಲು ಎಷ್ಟು, ಕೋರ್ಟಿನ ಕಾಗದಕ್ಕೂ ಚರ್ಚಿನ ಕಾಗದಕ್ಕೂ ಏನು ವ್ಯತ್ಯಾಸ, ಇಷ್ಟನ್ನು ಮದುಮಗಳ ಜೊತೆ ಮದುಮಗನೂ ಕೂತು ಕೇಳಲಿ.