ಪಂಪ್ ಬಿಚ್ಚಿದ್ಮೇಲೆ ಸ್ಪೇರ್ಸ್ ಹುಡುಕೋ ಕಥೆ

ಹಡಗು ರಿಪೇರಿ ಯಾರ್ಡಲ್ಲಿ ಪ್ಲಾನಿಂಗ್ ನೋಡ್ಕೊಳ್ಳೋನು ನಾನು. ಊರಿಗೆ ಹೋದ್ರೆ ಎಲ್ರೂ ಕೇಳೋದು ಒಂದೇ, ಅಷ್ಟು ದುಡ್ಡು ಸುರಿದು ಕಟ್ಟಿದ ಯುದ್ಧನೌಕೆ ಯಾಕಪ್ಪಾ ಡಾಕಲ್ಲೇ ತಿಂಗಳುಗಟ್ಲೆ ಬಿದ್ದಿರತ್ತೆ ಅಂತ. ಕೆಲಸದೋರು ಸೋಮಾರಿಗಳು ಅನ್ನೋ ಅನುಮಾನ ಅವ್ರಿಗೆ. ನಾನು ಕಂಡ ಹಾಗೆ ಜಾಸ್ತಿ ಕಾಯ್ಸೋದು ಸ್ಪೇರ್ಸು.

ಒಂದು ಸಮುದ್ರದ ನೀರಿನ ಪಂಪ್ ತಗೊಳ್ಳಿ. ಡಿಫೆಕ್ಟ್ ಲಿಸ್ಟಲ್ಲಿ ‘ಗ್ಲ್ಯಾಂಡ್ ಲೀಕ್’ (ತಿರುಗೋ ಶಾಫ್ಟ್ ಹೊರಗೆ ಬರೋ ಜಾಗದಲ್ಲಿ ನೀರು ಸೋರ್ತಿದೆ) ಅಂತ ಬರ್ದಿರತ್ತೆ, ಅಷ್ಟೇ. ಬಿಚ್ಚೋಕೆ ಹೋದ್ರೆ ಬೋಲ್ಟೆಲ್ಲಾ ಜಾಮ್, ಗ್ಯಾಸ್ ಕಟಿಂಗ್ ಮಾಡೋಣ ಅಂದ್ರೆ ಹಾಟ್ ವರ್ಕ್ ಪರ್ಮಿಟ್ (ಬೆಂಕಿ, ಕಿಡಿ ಬರೋ ಕೆಲಸಕ್ಕೆ ಅನುಮತಿ) ಬೇಕು, ಬೆಂಕಿ ಹತ್ಕೊಳ್ದಂಗೆ ನೋಡ್ಕೊಳ್ಳೋಕೆ ಫೈರ್ ವಾಚ್ ಅಂತ ಒಬ್ಬನ್ನ ನಿಲ್ಲಿಸ್ಬೇಕು, ಪಕ್ಕದಲ್ಲಿ ಪೇಂಟ್ ಹೊಡೀತಿರೋರನ್ನ ಎಬ್ಬಿಸ್ಬೇಕು, ಅವ್ರು ಜಗಳಕ್ಕೆ ಬರ್ತಾರೆ. ಕೊನೆಗೂ ತೆಗೆದು ನೋಡಿದ್ರೆ ಶಾಫ್ಟ್ ಸ್ಲೀವಲ್ಲಿ (ಶಾಫ್ಟ್ ಸವೀದಿರ್ಲಿ ಅಂತ ಅದರ ಮೇಲೆ ಹಾಕೋ ಕೊಳವೆ) ಉಗುರು ಸಿಕ್ಕೋವಷ್ಟು ಗೀರು, ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಅಂಚು ಇಲಿ ಕಡಿದ ರೊಟ್ಟಿ ಥರ. ನೀರು ಸೋರದ ಹಾಗೆ ಶಾಫ್ಟ್ ಸುತ್ತ ತುಂಬೋ ಪ್ಯಾಕಿಂಗ್ ಬದಲಾಯ್ಸೋ ಕೆಲಸ ಹೋಗಿ ಫುಲ್ ಓವರ್‌ಹಾಲ್ ಆಯ್ತು. ಸ್ಲೀವ್ ಸ್ಟೋರಲ್ಲಿಲ್ಲ, ಇಂಡೆಂಟ್ (ಸಾಮಾನು ಬೇಕು ಅನ್ನೋ ಬೇಡಿಕೆ ಪತ್ರ) ಹಾಕು, ಕೊಟೇಶನ್ ತರ್ಸು, ಆಮೇಲೆ ಗೊತ್ತಾಗತ್ತೆ ಆ ಮಾಡೆಲ್ಲೇ ಕಂಪನಿ ನಿಲ್ಸಿದೆ ಅಂತ.

ಅಷ್ಟೊತ್ತಿಗೆ ಮೇಲಿನ ಸಾಹೇಬ್ರೊಬ್ರು, ‘ಪಕ್ಕದ ಹಡಗಿಂದು ತೆಗೆದು ಹಾಕ್ರಿ’ ಅಂತಾರೆ. ಕ್ಯಾನಿಬಲೈಸೇಶನ್ ಅಂದ್ರೆ ಇದೇ. ಒಂದು ಹಡಗೇನೋ ಹೊರಡತ್ತೆ, ಆದ್ರೆ ಕೆಲಸ ಡಬಲ್, ಚೆನ್ನಾಗಿದ್ದ ಪಂಪನ್ನೂ ಬಿಚ್ಚಿದ ಹಾಗಾಯ್ತು, ಆ ಇನ್ನೊಂದು ಹಡಗಿನ ರಿಪೇರಿ ಲಿಸ್ಟಿಗೆ ನಮ್ಮ ಕೈಯಿಂದ್ಲೇ ಒಂದು ಐಟಂ ಸೇರ್ತು.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. 2017ರ ಕೊನೇಲಿ ಜರ್ಮನಿ ನೌಕಾಪಡೆಯ 212ಎ ಅನ್ನೋ ಮಾದರಿಯ ಆರೂ ಸಬ್‌ಮರೀನ್ ಒಟ್ಟಿಗೇ ಕೆಲಸಕ್ಕೆ ಬರದ ಸ್ಥಿತೀಲಿದ್ವು, ಒಂದು ನಾರ್ವೆ ಹತ್ರ ಬಂಡೆಗೆ ತಾಗಿ ರಡ್ಡರ್ (ಚುಕ್ಕಾಣಿ) ಮುರ್ಕೊಂಡಿತ್ತು ಸರಿ, ಮಿಕ್ಕಿದ್ದಕ್ಕೆ ಮುಖ್ಯ ಕಾರಣ ಶೀತಲ ಸಮರ ಮುಗಿದ್ಮೇಲೆ ದುಡ್ಡು ಉಳಿಸೋಕಂತ ಬಿಡಿಭಾಗದ ದಾಸ್ತಾನೇ ಕಮ್ಮಿ ಮಾಡಿದ್ದು. ಅಮೆರಿಕದ್ದು ಬೇರೆ ಕಥೆ, ಅಲ್ಲಿ ಕ್ಯೂ ಯಾರ್ಡಿಗೇ. ಬೋಯ್ಸಿ ಅನ್ನೋ ಅಣು ಸಬ್‌ಮರೀನಿಗೆ ಜಾಗ ಸಿಗದೆ 2017ರಲ್ಲಿ ಮುಳುಗೋ ಸರ್ಟಿಫಿಕೇಟೇ ಹೋಯ್ತು (ಸಬ್‌ಮರೀನಿಗೆ ಮುಳುಗೋಕೇ ಪರ್ಮಿಷನ್ ಇಲ್ಲ, ಏನ್ ಹೇಳೋದು), ಓವರ್‌ಹಾಲಿಗೆ ದೊಡ್ಡ ಕಾಂಟ್ರ್ಯಾಕ್ಟ್ ಆಗಿದ್ದು 2024ರಲ್ಲಿ.

ಈಗ ನಾನು ಮಾಡೋದು ಇಷ್ಟು, ಹಡಗು ಬರೋಕ್ ಮುಂಚೆ ಹಿಂದಿನ ರಿಫಿಟ್ (ದೊಡ್ಡ ರಿಪೇರಿ) ರಿಪೋರ್ಟ್ ತೆಗೆದು, ಡಿಫೆಕ್ಟ್ ಲಿಸ್ಟಲ್ಲಿ ಏನಿದೆ ಅನ್ನೋದು ಬಿಟ್ಟು, ಹೋದ್ಸಲ ಬಿಚ್ಚಿದಾಗ ಏನು ಸಿಕ್ತು ನೋಡಿ ಸ್ಲೀವ್, ಸೀಲ್, ಬೇರಿಂಗ್‌ಗೆ ಇಂಡೆಂಟ್ ಹಾಕ್ಬಿಡ್ತೀನಿ. ‘ಉಪಯೋಗಿಸದ ಸಾಮಾನು ಯಾಕೆ ತರ್ಸಿದ್ರಿ’ ಅಂತ ಆಡಿಟ್‌ನೋರು ಕೇಳೇ ಕೇಳ್ತಾರೆ, ಅದಕ್ಕೆ ಹೊಸ ಹುಡುಗ್ರಿಗೆ ಹೇಳಿದೀನಿ, ಸವೆದ ಪಾರ್ಟಿನ ಫೋಟೋ, ಅಳತೆ ಎರಡೂ ಇಂಡೆಂಟ್ ಜೊತೆನೇ ಫೈಲಲ್ಲಿ ಹಾಕಿಡ್ರಪ್ಪಾ ಅಂತ.